ಕರಿ ಪೆಟ್ಟಿಗೆ, ಬಿಳಿ ಪೆಟ್ಟಿಗೆ

ಕರಿ ಪೆಟ್ಟಿಗೆಗೆ ಮೂವತ್ತೆಂಟು ಸಾವಿರ, ಬಿಳಿ ಪೆಟ್ಟಿಗೆಗೆ ಇಪ್ಪತ್ತೊಂಬತ್ತು ಸಾವಿರ. ಎರಡೂ ಟೀವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಯಂತ್ರಗಳೇ. ಎರಡೂ ಒಂದೇ ವಾರ ಮಾರುಕಟ್ಟೆಗೆ ಬಂದವು, ಅವುಗಳ ಕಂಪನಿಗಳಲ್ಲಿ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಅವಕ್ಕೆ ಸ್ವಂತ ಹೆಸರುಗಳೂ ಇದ್ದವು, ಆದರೆ ನಾಲಿಗೆ ತಿರುಗದಂಥವು. ಬೀದಿಯವರು ಬಣ್ಣ ನೋಡಿ ಕರಿಯದು, ಬಿಳಿಯದು ಎಂದುಕೊಂಡು ಕೆಲಸ ಮುಗಿಸಿದರು. ಒಂಬತ್ತು ಸಾವಿರದ ಅಂತರ ಎಲ್ಲಿಂದ ಬಂತು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅಗ್ಗಕ್ಕೆ ಸಿಕ್ಕಿತಲ್ಲ, ಕಾರಣ ಕಟ್ಟಿಕೊಂಡು ಏನಾಗಬೇಕು. ಕೇಳಿದ್ದು ಅತ್ತಿಗೆ ಒಬ್ಬಳೇ.

ಅತ್ತಿಗೆ ಎಂದರೆ ಹಳೆ ಡಿಸ್ಕ್ ಅಂಗಡಿಯ ಒಡತಿ. ಎದುರು ಸಾಲಿನಲ್ಲಿ ಪೆಟ್ಟಿಗೆ ಮಾರುವವನು ಅವಳ ಮೈದುನ, ಗಂಡನ ತಮ್ಮ. ಅವನು ದಿನಕ್ಕೆ ಹತ್ತು ಸಲ ರಸ್ತೆಯಾಚೆಯಿಂದ "ಅತ್ತಿಗೆ" ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ಬಸ್ ಡ್ರೈವರಿಗೂ ಅವಳು ಅತ್ತಿಗೆಯೇ. ಮೈದುನನದೂ ಅದೇ ಪಾಡು. ಹೊಸ ಪೆಟ್ಟಿಗೆ ಎಲ್ಲಿ ಸಿಗುತ್ತೆ ಎಂದು ಕೇಳಿದರೆ ಬೀದಿಯ ಮೂಲೆಯವರೂ "ಮೈದುನನ ಹತ್ರ ಹೋಗಿ" ಎಂದು ಕೈ ತೋರಿಸುತ್ತಿದ್ದರು.

ಬಿಳಿ ಕಂಪನಿಯ ಏಜೆಂಟ್ ಬೆಳಿಗ್ಗೆ ಮೈದುನನ ಅಂಗಡಿಯಲ್ಲಿ ಮಾದರಿ ತೋರಿಸಿ, ಮಧ್ಯಾಹ್ನ ರಸ್ತೆ ದಾಟಿ ಅವಳ ಕೌಂಟರಿಗೂ ತಂದಿಟ್ಟ. ಗೋಡೆಗೊಂದು ಪೋಸ್ಟರ್ ಅಂಟಿಸಲು ಜಾಗ ಕೊಡಿ ಎನ್ನುವುದು ಅವನ ಬೇಡಿಕೆ. ಅವಳು ಪೋಸ್ಟರ್ ಕಡೆ ನೋಡಲಿಲ್ಲ. ಪೆಟ್ಟಿಗೆಯನ್ನು ಎತ್ತಿ, ಮಗುಚಿ, ನಾಲ್ಕೂ ಮೈ ತಿರುಗಿಸಿ ನೋಡಿದಳು.

"ಇದಕ್ಕೆ ಬಾಯೇ ಇಲ್ವಲ್ಲ. ಡಿಸ್ಕ್ ಎಲ್ಲಿ ಹಾಕೋದು?"

"ಹಾಕೋ ಹಾಗೇ ಇಲ್ಲ ಮೇಡಂ. ಆಟ ಬೇಕಂದ್ರೆ ಕಂಪನಿಯಿಂದ ನೇರ ಪೆಟ್ಟಿಗೆಗೇ ಇಳಿಸ್ಕೋಬೇಕು."

"ಆಡಿ ಸಾಕಾದ ಮೇಲೆ?"

"ಸಾಕಾದ್ರೆ ಇನ್ನೊಂದು ಇಳಿಸ್ಕೋಬೇಕು."

"ಹಳೇದನ್ನ ಯಾರಿಗೂ ಮಾರೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ಅಲ್ವಾ?"

ಏಜೆಂಟ್ ನಕ್ಕ. ಒಳ್ಳೆಯ ಮನುಷ್ಯನೇ, ಕೇಳಿದ್ದಕ್ಕೆ ಸುಳ್ಳು ಹೇಳುವ ಜಾತಿಯವನಲ್ಲ. ಒಂಬತ್ತು ಸಾವಿರ ಕಡಿಮೆಗೆ ಕೊಟ್ಟರೆ ನಿಮಗೇನು ಗಿಟ್ಟುತ್ತೆ ಎಂದು ಅವಳು ಕೇಳಿದ್ದಕ್ಕೆ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದ. "ಪೆಟ್ಟಿಗೆ ಮೇಲೆ ನಮಗೆ ನಾಲ್ಕು ಸಾವಿರ ಲುಕ್ಸಾನು ಮೇಡಂ. ಬೇಕಂತಲೇ ಮಾಡ್ಕೊಳ್ಳೋ ಲುಕ್ಸಾನು. ಪೆಟ್ಟಿಗೆ ಒಂದು ಸಲ ಮನೆ ಸೇರಿಬಿಟ್ರೆ ಸಾಕು, ಆಮೇಲೆ ಒಂದೊಂದು ಆಟಕ್ಕೆ ಮೂರು ಸಾವಿರ, ನಡುವೆ ಯಾರೂ ಇಲ್ಲ. ಒಂದು ಜೇಬಲ್ಲಿ ಕಳ್ಕೊಂಡು ಇನ್ನೊಂದು ಜೇಬಲ್ಲಿ ತುಂಬ್ಕೋತೀವಿ."

'ನಡುವೆ ಯಾರೂ ಇಲ್ಲ' ಎಂದನಲ್ಲ, ಆ ನಡುವೆ ಇದ್ದವಳು ಅತ್ತಿಗೆ. ಅವಳು ಪೋಸ್ಟರಿಗೆ ಜಾಗ ಇಲ್ಲ ಎಂದು ಹೇಳಿ ಅವನನ್ನು ಕಳಿಸಿದಳು.

ಅವಳ ಅಂಗಡಿ ಹದಿನಾರು ಅಡಿ ಉದ್ದ, ಒಂಬತ್ತು ಅಡಿ ಅಗಲ. ಎಡಗೋಡೆಯ ನೆಲದಿಂದ ಸೂರಿನವರೆಗೆ ಕರಿ ಪೆಟ್ಟಿಗೆಗೆ ಮತ್ತು ಅದರ ಹಿಂದಿನ ತಲೆಮಾರುಗಳಿಗೆ ಹಾಕಿ ಆಡುವ ಡಿಸ್ಕುಗಳು, ಹೆಚ್ಚುಕಡಿಮೆ ಎರಡು ಸಾವಿರ. ಪ್ರತಿ ಡಿಸ್ಕಿನ ಪ್ಲಾಸ್ಟಿಕ್ ಕವರಿನ ಒಳಮೈಗೆ ಎರಡು ಬೆರಳಗಲದ ಬಿಳಿ ಚೀಟಿ ಅಂಟಿಸಿದೆ. ಡಿಸ್ಕ್ ಅಂಗಡಿಗೆ ಮರಳಿ ಬಂದಾಗಲೆಲ್ಲ ಆ ಚೀಟಿಗೆ ಒಂದು ಹಸಿರು ಚುಕ್ಕೆ ಬೀಳುತ್ತದೆ. ಒಂದು ಚುಕ್ಕೆಯ ಡಿಸ್ಕನ್ನು ಸಾವಿರದೈನೂರಕ್ಕೆ ಕೊಂಡು ಎರಡು ಸಾವಿರಕ್ಕೆ ಮಾರುವುದು. ಅಲ್ಲಿಂದ ಮುಂದೆ ಚುಕ್ಕೆಗೆ ನೂರರಂತೆ ಕೊಳ್ಳುವ ಬೆಲೆಯೂ ಮಾರುವ ಬೆಲೆಯೂ ಇಳಿಯುತ್ತವೆ, ನಡುವಿನ ಐನೂರು ಇಳಿಯುವುದಿಲ್ಲ. ಹನ್ನೆರಡನೇ ಚುಕ್ಕೆ ಬಿದ್ದ ಡಿಸ್ಕಿಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಮೊದಲ ಸಲ ಪೆಟ್ಟಿಗೆ ಕೊಂಡು ಬಂದವರಿಗೆ ಅದನ್ನು ಹಾಗೇ ಕೊಟ್ಟು ಕಳಿಸುವುದು, ಮತ್ತೆ ಬರಲಿ ಎಂದು.

ಇದು ಗಂಡನ ಕಾಲದಿಂದ ನಡೆದುಬಂದ ಪದ್ಧತಿ. ಕೌಂಟರಿನ ಒಳಬದಿಗೆ ಅಂಟಿಸಿದ ಕಾರ್ಡಿನ ಮೇಲೆ ಚುಕ್ಕೆ ಚುಕ್ಕೆಯ ಬೆಲೆಪಟ್ಟಿ ಇದೆ. ಏಳು ವರ್ಷ ಕಳೆದರೂ ಅವಳು ಪ್ರತಿ ಸಲ ಅದರತ್ತ ಒಮ್ಮೆ ಕಣ್ಣು ಹಾಯಿಸಿಯೇ ಬೆಲೆ ಹೇಳುವುದು. ಒಂದು ಡಿಸ್ಕ್ ಹನ್ನೆರಡು ಚುಕ್ಕೆ ಮುಗಿಸುವಷ್ಟರಲ್ಲಿ ಅಂಗಡಿಗೆ ಐದು ಸಾವಿರಕ್ಕೆ ಮೋಸವಿಲ್ಲ. ಮೈದುನ ಒಂದು ಹೊಸ ಪೆಟ್ಟಿಗೆ ಮಾರಿದರೆ ಅವನಿಗೆ ಉಳಿಯುವುದು ನಾನೂರು. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ಥಳಥಳ ಹೊಳೆಯುವ ಪೆಟ್ಟಿಗೆ, ಮೂವತ್ತೆಂಟು ಸಾವಿರದ ಬಿಲ್ಲು, ಇವನ್ನು ನೋಡಿದವರು ಮೈದುನನೇ ಶ್ರೀಮಂತ ಎಂದುಕೊಳ್ಳುತ್ತಾರೆ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು, ಅದಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ.

ಏಳು ವರ್ಷದ ಹಿಂದೆ ಗಂಡ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಹೋದ. ಮಗಳು ಆಗ ಎರಡನೇ ಕ್ಲಾಸು. ಅಲ್ಲಿಯವರೆಗೆ ಮನೆಯಲ್ಲಿ ಕೂತು ಪರದೆ ಹೊಲಿಯುತ್ತಿದ್ದವಳು ಕೌಂಟರಿಗೆ ಬಂದು ನಿಂತಳು. ಅಣ್ಣತಮ್ಮಂದಿರು ಕೂಡಿ ನಡೆಸುತ್ತಿದ್ದ ಅಂಗಡಿ ಅದು. ಮೈದುನ ಮುಂದೆ ನಿಂತು ಪೆಟ್ಟಿಗೆ ಮಾರುತ್ತಿದ್ದ, ಅವಳು ಹಿಂದೆ ಡಿಸ್ಕ್ ನೋಡಿಕೊಂಡಳು. ಆರು ತಿಂಗಳಲ್ಲಿ ಅವಳಿಗೆ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ಅರ್ಥವಾಗಿಹೋಯಿತು. ಅಷ್ಟರಲ್ಲಿ ಮೈದುನನಿಗೆ ಮದುವೆ ಗೊತ್ತಾಯಿತು. ಒಂದು ಅಂಗಡಿ ಎರಡು ಸಂಸಾರ ಸಾಕುವುದಿಲ್ಲ, ಪಾಲು ಮಾಡಿಕೊಳ್ಳೋಣ ಎಂದು ಮಾತಾಯಿತು. ಒಂದು ಪಾಲಿಗೆ ಹೊಸ ಪೆಟ್ಟಿಗೆಗಳ ವ್ಯಾಪಾರ, ಜೊತೆಗೆ ಎದುರು ಸಾಲಿನಲ್ಲಿ ಹೊಸ ಮಳಿಗೆ ಹಿಡಿಯುವಷ್ಟು ನಗದು. ಇನ್ನೊಂದು ಪಾಲಿಗೆ ಹಳೆ ಅಂಗಡಿ ಮತ್ತು ಡಿಸ್ಕಿನ ಗೋಡೆ.

"ನೀನೇ ಮೊದಲು ಆರಿಸ್ಕೋಪ್ಪ," ಎಂದಿದ್ದಳು ಅತ್ತಿಗೆ. ದೊಡ್ಡವಳ ದೊಡ್ಡ ಗುಣ ಎಂದು ಎಲ್ಲರೂ ಕೊಂಡಾಡಿದರು. ದೊಡ್ಡ ಗುಣವೂ ಇಲ್ಲ, ಮಣ್ಣೂ ಇಲ್ಲ. ಹೊಳಪು ಕಂಡರೆ ಬೀಳುವ ಹುಡುಗ, ಪೆಟ್ಟಿಗೆಯನ್ನೇ ಆರಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಮೈದುನ ಒಂದು ನಿಮಿಷ ಡಿಸ್ಕಿನ ಗೋಡೆ ನೋಡುತ್ತ ನಿಂತ. ಆಮೇಲೆ, "ನನಗೆ ಪೆಟ್ಟಿಗೆ ಇರಲಿ ಅತ್ತಿಗೆ. ಈ ಧೂಳಿಗೆ ನನಗೆ ಸೀನು ಬರುತ್ತೆ," ಎಂದ. ಒಂದು ಹಾಳೆಯ ಮೇಲೆ ಬರೆದುಕೊಂಡರು: ಅವನು ಡಿಸ್ಕ್ ಮಾರುವಂತಿಲ್ಲ, ಅವಳು ಪೆಟ್ಟಿಗೆ ಮಾರುವಂತಿಲ್ಲ. ಒಬ್ಬರ ಅಂಗಡಿಗೆ ಒಬ್ಬರು ಕಾಲಿಡುವುದೂ ಬೇಡ ಎಂದಾಯಿತು. ಇಬ್ಬರೂ ಒಂದೆಡೆ ಕಂಡರೆ ಗಿರಾಕಿ ಇಬ್ಬರನ್ನೂ ಹಿಡಿದು ಚೌಕಾಸಿಗೆ ಎಳೆಯುತ್ತಾನೆ ಎನ್ನುವ ಕಾರಣಕ್ಕೆ. ಅಂದಿನಿಂದ ಮಾತೆಲ್ಲ ರಸ್ತೆಯ ಆಚೆ ಈಚೆಯಿಂದಲೇ. ಅವನು ಪೆಟ್ಟಿಗೆ ಮಾರಿ ಗಿರಾಕಿಯನ್ನು ಡಿಸ್ಕಿಗೆ ಈ ಕಡೆ ಕಳಿಸುತ್ತಿದ್ದ. ಅವಳು ಹಾಳೆಯನ್ನು ಗಲ್ಲಾಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸಿನಲ್ಲಿ ಮೈದುನನನ್ನು ದಡ್ಡ ಎಂದುಕೊಳ್ಳುತ್ತಿದ್ದಳು, ಮರುಕ್ಷಣ ತನಗೇ ಕಸಿವಿಸಿಯಾಗುತ್ತಿತ್ತು. ವಾರಗಿತ್ತಿಯ ಮುಖವನ್ನು, ಅಂದರೆ ಮೈದುನನ ಹೆಂಡತಿಯ ಮುಖವನ್ನು, ಅವಳು ಇವತ್ತಿಗೂ ನೆಟ್ಟಗೆ ನೋಡಿದವಳಲ್ಲ.

ಈಗ ಬಾಯಿಲ್ಲದ ಪೆಟ್ಟಿಗೆ ಬಂದಿತ್ತು. ಮೈದುನ ಮಾರುವ ಒಂದೊಂದು ಬಿಳಿ ಪೆಟ್ಟಿಗೆಯೂ ಅವಳ ಅಂಗಡಿಗೆ ಎಂದೂ ಬಾರದ ಒಬ್ಬ ಗಿರಾಕಿ. ಗೋಡೆ ಹೋದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಮನೆ ಬಾಡಿಗೆ, ಮಗಳ ಸ್ಕೂಲು, ಎರಡು ಹೊತ್ತಿನ ಊಟ, ಎಲ್ಲವೂ ಆ ಐನೂರುಗಳಿಂದಲೇ ನಡೆಯುತ್ತಿತ್ತು.

ಮರುದಿನ ಮೈದುನನೇ ರಸ್ತೆ ದಾಟಿ ಬಂದು ಹೊಸ್ತಿಲ ಹೊರಗೆ ನಿಂತ.

"ಅತ್ತಿಗೆ, ಬಿಳಿಯವರ ಜೊತೆ ಒಪ್ಪಂದ ಮಾಡ್ಕೊಂಡೆ. ಎರಡು ತಿಂಗಳು ನನ್ನ ಅಂಗಡೀಲಿ ಕರಿಯದು ಇಡೋ ಹಾಗಿಲ್ಲ."

"ಒಂದು ಹತ್ತಾದ್ರೂ ಇಟ್ಕೊಳ್ಳೋ. ಕೇಳಿದವರಿಗೆ ಕೊಡೋಕೆ."

"ಒಂದೂ ಇಡಬಾರದಂತೆ. ಎರಡು ಲಕ್ಷ ಡಿಪಾಸಿಟ್ ಕಟ್ಟಿದೀನಿ. ಇನ್ನೂರು ಮಾರಿದ್ರೆ ಪೆಟ್ಟಿಗೆಗೆ ಸಾವಿರದೈನೂರರ ಲೆಕ್ಕದಲ್ಲಿ ಮೂರು ಲಕ್ಷ, ಡಿಪಾಸಿಟ್ಟೂ ವಾಪಸ್ಸು. ಒಂದು ಕಮ್ಮಿಯಾದ್ರೂ ಎರಡೂ ಇಲ್ಲ."

"ಇದೇನು ವ್ಯಾಪಾರನೋ, ಜೂಜೋ?"

"ರಸ್ತೆ ಕೊನೇಲಿ ಆ ದೊಡ್ಡ ಶೋರೂಮು ಬಂದ ಮೇಲೆ ನನ್ನ ಹತ್ರ ಯಾರು ಬರ್ತಾರೆ ಅತ್ತಿಗೆ? ಇದು ಆಗಲಿಲ್ಲಾಂದ್ರೆ ಬಾಗಿಲು ಹಾಕೋದೇ."

ಅವಳು ನನ್ನ ಗೋಡೆಯ ಗತಿ ಏನು ಎಂದು ಕೇಳಲಿಲ್ಲ. ಅವನೂ ಆ ಮಾತೆತ್ತಲಿಲ್ಲ. "ಪಾಪು ಸ್ಕೂಲಿಂದ ಬಂದ್ಲಾ?" ಎಂದು ವಿಚಾರಿಸಿ ಹೊರಟುಹೋದ. ಪಾಪುವಿಗೆ ಈಗ ಹದಿನಾಲ್ಕು, ಒಂಬತ್ತನೇ ಕ್ಲಾಸು.

ಮೊದಲ ತಿಂಗಳು ಮೈದುನ ನೂರಿಪ್ಪತ್ತು ಬಿಳಿ ಪೆಟ್ಟಿಗೆ ಮಾರಿದ. ಅತ್ತಿಗೆ ಕೌಂಟರಿನಲ್ಲಿ ಕೂತು ಒಂದೊಂದನ್ನೂ ಎಣಿಸಿದಳು, ಬೇರೆ ಕೆಲಸ ಏನಿತ್ತು. ಡಿಸ್ಕ್ ಕೊಡಲು ಬಂದವರೇ ಹೆಚ್ಚು, ಕೊಳ್ಳಲು ಬಂದವರು ಕಡಿಮೆ. ಹಳೆ ಗಿರಾಕಿಗಳು ತಮ್ಮ ಹಳೆ ಡಿಸ್ಕುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದು, "ಬಿಳಿಯದು ತಗೋತಿದೀನಿ ಅತ್ತಿಗೆ, ಇದೆಲ್ಲ ಇನ್ನು ಯಾಕೆ," ಎನ್ನುತ್ತಿದ್ದರು. ಅವಳೇ ಕೊಟ್ಟ ದುಡ್ಡನ್ನು ಎಣಿಸಿಕೊಂಡು ಅವರು ಅವಳ ಕಣ್ಣೆದುರೇ ರಸ್ತೆ ದಾಟುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾದೀತು.

ಎರಡನೇ ತಿಂಗಳ ಮೊದಲ ಸೋಮವಾರ ಅವಳು ಕರಿ ಪೆಟ್ಟಿಗೆಯ ಡೀಲರಿಗೆ ಫೋನು ಮಾಡಿದಳು. ಮೈದುನ ಕೈಬಿಟ್ಟ ಮೇಲೆ ಆ ಬೀದಿಯಲ್ಲಿ ಡೀಲರಿಗೂ ಯಾರಾದರೂ ಬೇಕಿತ್ತು. ಕೂಡಿಟ್ಟಿದ್ದನ್ನೆಲ್ಲ ಮುಂಗಡ ಕೊಟ್ಟು, ಉಳಿದದ್ದನ್ನು ಮಾರಿದ ಹಾಗೆ ಕಟ್ಟುವ ಮಾತಿನ ಮೇಲೆ ನೂರು ಪೆಟ್ಟಿಗೆ ತರಿಸಿದಳು. ಒಂದಕ್ಕೆ ಮೂವತ್ತೇಳು ಸಾವಿರದ ಆರುನೂರು ಕೊಟ್ಟು ತಂದದ್ದನ್ನು ಮೂವತ್ತೈದು ಸಾವಿರಕ್ಕೆ ಮಾರುವುದೆಂದು ತೀರ್ಮಾನಿಸಿದಳು, ಜೊತೆಗೆ ಹನ್ನೆರಡು ಚುಕ್ಕೆಯ ಆರು ಡಿಸ್ಕ್ ಉಚಿತ. ಪೆಟ್ಟಿಗೆಗೆ ಎರಡು ಸಾವಿರದ ಆರುನೂರು ನಷ್ಟ. ಆದರೆ ಕೊಂಡವನು ಆರು ಸಲ ಡಿಸ್ಕ್ ಬದಲಾಯಿಸಲು ಬಂದರೆ ಮೂರು ಸಾವಿರ ಮರಳಿ ಬಂತು. ಇದನ್ನು ಅವಳಿಗೆ ಕಲಿಸಿದ್ದು ಬಿಳಿ ಕಂಪನಿಯ ಏಜೆಂಟೇ, ಕುರ್ಚಿ ಎಳೆದುಕೊಂಡು ಕೂತು.

ಹಾಳೆಯಲ್ಲಿ ಏನು ಬರೆದಿತ್ತು ಎನ್ನುವುದು ಅವಳಿಗೆ ನೆನಪಿತ್ತು. ಹೊಟ್ಟೆಪಾಡಿನ ಮುಂದೆ ಹಾಳೆ ಏನು ಮಹಾ ಎಂದುಕೊಂಡಳು.

ಒಂದು ದೊಡ್ಡ ಬಿಳಿ ಹಲಗೆ ತಂದು ಮಗಳ ಮುಂದಿಟ್ಟು, "ನಿನ್ನ ಅಕ್ಷರ ಚೆನ್ನಾಗಿದೆ, ಬರಿ," ಎಂದಳು. ಮಗಳು ಬರೆಯಬೇಕಾದದ್ದರ ಚೀಟಿ ಓದಿ ನೋಡಿ ಪೆನ್ನು ಕೆಳಗಿಟ್ಟಳು.

"ಚಿಕ್ಕಪ್ಪನ ಅಂಗಡಿ ಎದುರಿಗೆ ಇದನ್ನ ಇಡ್ತೀಯಾ?"

"ಬೇರೆಲ್ಲಿ ಇಡ್ಲಿ? ನಮ್ಮ ಅಂಗಡಿ ಇರೋದೇ ಅಲ್ಲಿ."

"ನಾನು ಬರೆಯಲ್ಲಮ್ಮ."

ಅತ್ತಿಗೆ ತಾನೇ ಸೊಟ್ಟ ಅಕ್ಷರದಲ್ಲಿ ಬರೆದಳು. ಬಿಳಿಯದು ಇಪ್ಪತ್ತೊಂಬತ್ತು ಸಾವಿರ, ವರ್ಷಕ್ಕೆ ಹತ್ತು ಆಟಕ್ಕೆ ಮೂವತ್ತು ಸಾವಿರ, ಒಟ್ಟು ಐವತ್ತೊಂಬತ್ತು. ಕರಿಯದು ಮೂವತ್ತೈದು ಸಾವಿರ, ಹತ್ತು ಡಿಸ್ಕ್ ತಂದು ಆಡಿ ಮರಳಿಸಿದರೆ ಒಂದಕ್ಕೆ ಐನೂರು, ಹೊಸ ಚುಕ್ಕೆಗೆ ನೂರು, ಹೀಗೆ ಆರು ಸಾವಿರ, ಒಟ್ಟು ನಲವತ್ತೊಂದು. ಕೆಳಗೆ ಒಂದು ಗೆರೆ ಎಳೆದು, 'ಯಾವುದು ಅಗ್ಗ?' ಎಂದು ಸೇರಿಸಿದಳು. ಹಲಗೆಯನ್ನು ಬಾಗಿಲ ಮುಂದೆ, ಮೈದುನನ ಕೌಂಟರಿಗೆ ಮುಖ ಮಾಡಿ ನಿಲ್ಲಿಸಿದಳು.

ಮೈದುನ ಬಾಗಿಲಿಗೆ ಬಂದು ಓದಿದ. ಎರಡು ಸಲ ಓದಿದ ಅಂತ ಕಾಣುತ್ತದೆ. ಅವನು ಏನಾದರೂ ಕೂಗುತ್ತಾನೆಂದು ಅವಳು ಕಾದಳು, ಹಾಳೆಯ ಮಾತು ಎತ್ತಿದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೂ ಇದ್ದಳು. ಅವನು ಒಳಗೆ ಹೋದ. ಅವತ್ತಿನಿಂದ "ಅತ್ತಿಗೆ" ಎನ್ನುವ ಕೂಗು ನಿಂತಿತು.

ಮೂರನೇ ದಿನ ಎದುರಿನ ಗಾಜಿನ ಮೇಲೆ ಇಪ್ಪತ್ತೇಳೂವರೆ ಸಾವಿರ ಎಂದು ಬಿತ್ತು. ಅದು ಕಂಪನಿ ಇಳಿಸಿದ ಬೆಲೆಯಲ್ಲ, ಮೈದುನ ಕೈಯಿಂದ ಹಾಕಿ ಇಳಿಸಿದ್ದು ಎಂದು ಅವಳಿಗೆ ನೋಡಿದ ತಕ್ಷಣ ಗೊತ್ತಾಯಿತು. ಬರಬೇಕಾದ ಬಹುಮಾನವನ್ನು ಬರುವ ಮೊದಲೇ ಹಂಚಿಬಿಡುತ್ತಿದ್ದ. ಕಂಪನಿ ಪೆಟ್ಟಿಗೆಯಲ್ಲಿ ಕಳೆದುಕೊಂಡರೆ ಅದಕ್ಕೆ ಆಟದ ದುಡ್ಡಿದೆ, ಅವಳು ಕಳೆದುಕೊಂಡರೆ ಡಿಸ್ಕಿದೆ. ಅವನಿಗೆ ಆ ಇನ್ನೊಂದು ಜೇಬೇ ಇರಲಿಲ್ಲ. ಪೆಟ್ಟಿಗೆ ಮಾರಿ ಮಾರಿ ತಾನೇ ಕಂಪನಿ ಎಂದುಕೊಂಡುಬಿಟ್ಟಿದ್ದಾನೆ ದಡ್ಡ, ಎಂದು ಅವಳು ಗೊಣಗಿದಳು. ಗೊಣಗುತ್ತಲೇ ಹಲಗೆಯಲ್ಲಿ ಮೂವತ್ತೈದನ್ನು ಒರೆಸಿ ಮೂವತ್ತನಾಲ್ಕು ಎಂದು ಬರೆದಳು. ಆರು ಸುತ್ತಿನ ಬದಲು ಎಂಟು ಸುತ್ತು ಕಾಯಬೇಕು, ಅಷ್ಟೇ ತಾನೇ.

ಬೀದಿಗೆ ಒಳ್ಳೆ ಮೋಜಾಯಿತು. ಬಸ್ ಡ್ರೈವರ್ ದಿನಾ ಡ್ಯೂಟಿ ಮುಗಿಸಿ ಬಂದು ಎರಡೂ ಕಡೆಯ ಬೆಲೆ ಓದಿ, "ಇನ್ನೊಂದು ವಾರ ತಡೀತೀನಿ ಅತ್ತಿಗೆ, ನೀವಿಬ್ರೂ ಸೇರಿ ನಂಗೆ ಪುಕ್ಕಟೆ ಕೊಡೋ ಹಾಗಿದೀರಾ," ಎನ್ನುತ್ತಿದ್ದ. ಆದರೂ ಜನ ಹಲಗೆ ಓದುತ್ತಿದ್ದರು, ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು, ಈ ಕಡೆ ಬರುತ್ತಿದ್ದರು. ಇಪ್ಪತ್ತನೇ ತಾರೀಖಿಗೆ ಅವಳು ಐವತ್ತು ಕರಿ ಪೆಟ್ಟಿಗೆ ಮಾರಿದ್ದಳು.

ಇಪ್ಪತ್ತೊಂದರ ಮಧ್ಯಾಹ್ನ ವಾರಗಿತ್ತಿ ಬಂದಳು. ಬೆವರು ಒರೆಸಿಕೊಂಡು ಸ್ಟೂಲಿನ ತುದಿಯಲ್ಲಿ ಕೂತಳು.

"ಅಕ್ಕ, ಒಂದು ವಾರ ಆ ಬೋರ್ಡು ಒಳಗಿಡ್ತೀರಾ? ಇನ್ನೂ ಇಪ್ಪತ್ತೆರಡು ಆಗ್ಬೇಕು. ಅದಾದ ಮೇಲೆ ನೀವು ಏನು ಬೇಕಾದ್ರೂ ಮಾಡಿ."

"ಅವನೇ ಕಳಿಸಿದ್ನಾ?"

"ಅವರಿಗೆ ಗೊತ್ತಾದ್ರೆ ಬೈತಾರೆ. ನಿಮ್ಮ ಬಗ್ಗೆ ಮನೇಲಿ ಒಂದು ಮಾತು ಆಡಲ್ಲ ಅಕ್ಕ, ಆಡೋಕೂ ಬಿಡಲ್ಲ. ಅತ್ತಿಗೆ ತಪ್ಪೇನಿಲ್ಲ ಅಂತಾರೆ ಅಷ್ಟೇ."

ಆ ಮಾತಿಗೆ ಅತ್ತಿಗೆಗೆ ಕರುಣೆ ಬಂತು, ಸಿಟ್ಟೂ ಬಂತು. ತಪ್ಪೇನಿಲ್ಲ ಎನ್ನಲು ಅವನು ಯಾರು? ಒಂದು ವಾರ ಹಲಗೆ ಒಳಗಿಟ್ಟರೆ ಇಪ್ಪತ್ತೆರಡು ಬಿಳಿಯದು ಹೋಗುತ್ತವೆ, ಮುಂದಿನ ವರ್ಷ ಮತ್ತೊಂದು ಒಪ್ಪಂದ, ಮತ್ತೆ ಇನ್ನೂರು. ಗೋಡೆಗೆ ಗೆದ್ದಲು ಹಿಡಿಯುವುದೊಂದು ಬಾಕಿ.

"ನಾನು ಮಗಳನ್ನ ಸಾಕ್ಬೇಕು ಕಣಮ್ಮ," ಎಂದಳು, ಡಿಸ್ಕುಗಳನ್ನು ಜೋಡಿಸುತ್ತ.

"ಗೊತ್ತು ಅಕ್ಕ," ಎಂದು ವಾರಗಿತ್ತಿ ಎದ್ದಳು. ಅತ್ತಿಗೆ ಅವಳ ಮುಖ ನೋಡಲಿಲ್ಲ. ಹಲಗೆ ಹೊರಗೇ ಉಳಿಯಿತು.

ತಿಂಗಳ ಕೊನೆಯ ದಿನ ಅವಳ ಲೆಕ್ಕ ಎಪ್ಪತ್ತನಾಲ್ಕು. ಮೈದುನನದು ನೂರ ಎಂಬತ್ತೊಂಬತ್ತು. ಹನ್ನೊಂದು ಕಡಿಮೆ. ನಾಲ್ಕು ಗಂಟೆಗೆ ಏಜೆಂಟಿನ ವ್ಯಾನು ಬಂದು ಎದುರು ಬಾಗಿಲಲ್ಲಿ ನಿಂತಿತು. ಇಬ್ಬರು ಆಳುಗಳು ಉಳಿದ ಬಿಳಿ ಪೆಟ್ಟಿಗೆಗಳನ್ನು ಹೊತ್ತು ವ್ಯಾನಿಗೆ ತುಂಬತೊಡಗಿದರು. ಏಜೆಂಟ್ ಏಣಿ ತರಿಸಿ ಬಾಗಿಲ ಮೇಲಿನ ಕಂಪನಿಯ ಬೋರ್ಡು ಇಳಿಸಲು ನೋಡುತ್ತಿದ್ದ. ಅತ್ತಿಗೆ ಗೆದ್ದಿದ್ದಳು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಆಗ ಮೈದುನ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ರಸ್ತೆ ದಾಟಿದ. ಹೊಸ್ತಿಲ ಹೊರಗೆ ನಿಲ್ಲಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಒಳಗೆ ಬಂದು ಡಬ್ಬವನ್ನು ಕೌಂಟರಿನ ಮೇಲಿಟ್ಟ.

"ಇವನ್ನ ತಗೋತೀರಾ ಅತ್ತಿಗೆ? ನನ್ನವೇ, ಮನೇಲಿ ಆಡ್ತಿದ್ದವು. ಹದಿನೆಂಟಿವೆ."

"ಮುಂದೆ ಏನು ಮಾಡ್ತೀಯ?" ಅವಳ ದನಿ ಅವಳಿಗೇ ಒರಟಾಗಿ ಕೇಳಿತು.

"ಆ ದೊಡ್ಡ ಶೋರೂಮಲ್ಲಿ ಸೇಲ್ಸಿಗೆ ಜನ ಬೇಕಂತೆ. ಪೆಟ್ಟಿಗೆ ಮಾರೋದು ಬರುತ್ತಲ್ಲ."

ಅವಳು ಡಿಸ್ಕುಗಳನ್ನು ಒಂದೊಂದಾಗಿ ತೆಗೆದು, ತೆರೆದು, ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಯಾವುದಕ್ಕೂ ಚೀಟಿ ಇರಲಿಲ್ಲ, ಅಂಗಡಿಯ ಸುತ್ತಿಗೆ ಬಂದವಲ್ಲ. ತಳದಲ್ಲಿದ್ದ ಹದಿನೆಂಟನೆಯದರ ಕವರು ಬಿರುಕು ಬಿಟ್ಟಿತ್ತು. ತೆರೆದರೆ ಒಳಗೆ ಡಿಸ್ಕೇ ಇಲ್ಲ, ಬಿಳಿ ಚೀಟಿ ಮಾತ್ರ. ಅದರ ಮೇಲೆ ಹಸಿರು ಚುಕ್ಕೆಗಳು. ಹನ್ನೆರಡೂ ಒಂದೇ ಸಲ ಕೂತು ಹಾಕಿದಂತೆ ಒಂದೇ ಸಾಲಿನಲ್ಲಿದ್ದವು.

ಚುಕ್ಕೆಗಳ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು. ಒಂಬತ್ತು ವರ್ಷದ ಹಿಂದಿನ ತಾರೀಖು. 'ಹನ್ನೊಂದು ಸಲ ಐನೂರು. ಕೊನೇ ಸಲ ಕೊಂಡ ನಾನೂರು ಕಳೆದು ಐದು ಸಾವಿರದ ನೂರು. ಒಂದು ಡಿಸ್ಕು ಹದಿಮೂರು ಪೆಟ್ಟಿಗೆಗೆ ಸಮ. ಅಣ್ಣಾ, ಹೇಗಿದೆ ನೋಡು.' ಅದರ ಕೆಳಗೆ ಬೇರೆ ಕೈಬರಹ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಅಗಲ ಅಕ್ಷರ. 'ಸರಿಯಾಗಿದೆ. ನಾಳೆಯಿಂದಲೇ ಶುರು ಮಾಡೋಣ.'

"ಅಯ್ಯೋ, ಇದೂ ಸೇರ್ಕೊಂಡಿದೆಯಾ," ಎಂದು ಮೈದುನ ಕೈ ಚಾಚಿದ. "ಕೊಡಿ, ಅದು ಮಾರೋಕಲ್ಲ."

ಅವಳು ಕೊಡಲಿಲ್ಲ. "ಚುಕ್ಕೆ ಶುರು ಮಾಡಿದ್ದು ನೀನಾ?"

"ಲೆಕ್ಕ ನಂದು. ಹಸಿರು ಪೆನ್ನು ಅಣ್ಣ ತಂದ."

"ಹಾಗಾದ್ರೆ ಪಾಲು ಆರಿಸುವಾಗ ನಿಂಗೆ ಎಲ್ಲಾ ಗೊತ್ತಿತ್ತು."

ಮೈದುನ ಡಬ್ಬದ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತ. "ಪಾಪು ಎರಡನೇ ಕ್ಲಾಸಲ್ಲಿದ್ಲು ಅತ್ತಿಗೆ. ನಾವಾದ್ರೆ ಗಂಡ ಹೆಂಡ್ತಿ ಇಬ್ರೇ, ಹೇಗೋ ಆಗುತ್ತೆ ಅಂದ್ಕೊಂಡೆ."

"ಧೂಳಿಗೆ ಸೀನು ಬರುತ್ತೆ ಅಂದೆ."

"ಏನಾದ್ರೂ ಹೇಳ್ಬೇಕಿತ್ತಲ್ಲ."

ಅವನು ಆ ಧೂಳಿನ ಗೋಡೆಗೆ ಒರಗಿಕೊಂಡೇ ನಿಂತಿದ್ದ. ಬಂದಾಗಿನಿಂದ ಒಂದು ಸೀನು ಸೀನಿರಲಿಲ್ಲ. ಅತ್ತಿಗೆಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವಳಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಅವನಿಗೆ ಇನ್ನೊಂದು ಜೇಬಿಲ್ಲ ಎಂದು ಒಂದು ತಿಂಗಳು ಲೆಕ್ಕ ಹಾಕಿ ಹಾಕಿ ಹೊಡೆದಿದ್ದಳು. ಆ ಜೇಬನ್ನು ಅವಳಿಗೆ ಬಿಟ್ಟುಕೊಟ್ಟವನು ಅವನೇ.

"ನಂಗೂ ಗೊತ್ತಿತ್ತು," ಎಂದಳು. ಹೇಳದೆ ಇರಲು ಆಗಲಿಲ್ಲ. "ಡಿಸ್ಕಲ್ಲಿ ದುಡ್ಡಿದೆ ಅಂತ ಗೊತ್ತಿದ್ದೇ, ನೀನು ಪೆಟ್ಟಿಗೆಗೆ ಬೀಳ್ತೀಯ ಅಂತ ಗೊತ್ತಿದ್ದೇ, ಮೊದಲು ನೀನು ಆರಿಸು ಅಂದೆ."

"ಅದೂ ಗೊತ್ತಿತ್ತು ಬಿಡಿ," ಎಂದ ಮೈದುನ.

ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಅತ್ತಿಗೆ ಗಲ್ಲಾಪೆಟ್ಟಿಗೆ ಎಳೆದು, ತಳದಲ್ಲಿದ್ದ ಹಾಳೆ ತೆಗೆದು ಕೌಂಟರಿನ ಮೇಲೆ ಹರಡಿದಳು. ಮಡಿಕೆಗಳಲ್ಲಿ ಅದು ಹರಿಯಲು ಬಂದಿತ್ತು.

"ಅವತ್ತು ಮೊದಲು ನೀನು ಆರಿಸಿದೆ. ಈ ಸಲ ಸರದಿ ನಂದು."

"ಏನು ಆರಿಸ್ತೀರಾ ಅತ್ತಿಗೆ, ಅಲ್ಲಿ ಖಾಲಿ ಮಳಿಗೆ ಬಿಟ್ಟು ಏನೂ ಉಳಿದಿಲ್ಲ."

"ಹಿಂದಿನ ಕೋಣೇಲಿ ಇಪ್ಪತ್ತಾರು ಕರಿ ಪೆಟ್ಟಿಗೆ ಇವೆ. ನಾಳೆ ಅವನ್ನ ಆ ಕಡೆ ಸಾಗಿಸು. ಮಳಿಗೆ ನನಗೆ, ಪೆಟ್ಟಿಗೆ ನನಗೆ. ಮಾರಿ ಡಿಸ್ಕಿಗೆ ಈ ಕಡೆ ಕಳಿಸ್ತೀನಿ." ಅವಳು ಸ್ಟೂಲನ್ನು ಅವನ ಕಡೆ ತಳ್ಳಿದಳು. ಗಂಡ ಕೂತಿದ್ದ ಸ್ಟೂಲು ಅದು. "ಗೋಡೆ ನಿಂದು."

"ಪಾಪು ಇನ್ನೂ ಓದ್ಬೇಕು ಅತ್ತಿಗೆ. ನೀವು ಹೀಗೆಲ್ಲ..."

"ಓದಿಸೋಕೆ ಅವಳ ಚಿಕ್ಕಪ್ಪ ಇದಾನೆ, ಕೂತ್ಕೋ. ನಿನ್ನ ಡಿಪಾಸಿಟ್ ಬಗ್ಗೆ ಆ ಏಜೆಂಟ್ ಹತ್ರ ನಾನು ಮಾತಾಡ್ತೀನಿ. ಪೆಟ್ಟಿಗೆ ಅಂಗಡಿ ಇನ್ನು ನಂದೇ ಅಲ್ವಾ?"

ಮೈದುನ ನಿಂತೇ ಇದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದಳು. ಹೊರಗಿಟ್ಟಿದ್ದ ಹಲಗೆಯನ್ನು ಎತ್ತಿ, ಬರಹದ ಮೈ ಗೋಡೆಗೆ ಬರುವಂತೆ ಒರಗಿಸಿದಳು. ಡ್ಯೂಟಿ ಮುಗಿಸಿ ಬಂದ ಬಸ್ ಡ್ರೈವರ್ ಅವಳನ್ನು ದಾಟಿ ಒಳಗೆ ಹೋದ.

"ಏನಪ್ಪ ಮೈದುನ, ನೀನು ಇಲ್ಲಿ?" ಎಂದು ಕೇಳಿ ಅವನು ಗೋಡೆಯಿಂದ ಒಂದು ಡಿಸ್ಕ್ ತೆಗೆದ. "ಇದಕ್ಕೆಷ್ಟು?"

"ಎಷ್ಟು ಚುಕ್ಕೆ?"

"ಏಳು."

"ಸಾವಿರದ ನಾನೂರು," ಎಂದ ಮೈದುನ.

ಅತ್ತಿಗೆ ಮೆಟ್ಟಿಲ ಮೇಲೆ ತಿರುಗಿ ನೋಡಿದಳು. ಅವನು ಕಾರ್ಡಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಅವಳು ಇಳಿದು, ರಸ್ತೆ ದಾಟಿ, ಏಣಿ ಹತ್ತಲು ಹೊರಟಿದ್ದ ಏಜೆಂಟಿನ ಮುಂದೆ ಹೋಗಿ ನಿಂತಳು.